ಎರಡೇ ನಿಲುವುಗಳಿಂದ ಹೊಮ್ಮುವ ನಾದ

ಅನಲಾಗ್ ಸಿಂಥಸೈಜರಿನ ನಾದಸೃಷ್ಟಿಯು ಬಹುಮಟ್ಟಿಗೆ ವ್ಯವಕಲನದ ಕಲೆ: ಹಾರ್ಮೋನಿಕ್‌ಗಳಿಂದ, ಎಂದರೆ ಮೂಲ ಆವೃತ್ತಿಯ ಗುಣಕಗಳಾದ ಉಪಸ್ವರಗಳಿಂದ, ತುಂಬಿದ ತೀಕ್ಷ್ಣಧ್ವನಿಯೊಂದನ್ನು ಮೊದಲು ಹುಟ್ಟಿಸಿ, ಬಳಿಕ ಫಿಲ್ಟರಿನ ಮೂಲಕ ಬೇಡವಾದ ಅಂಶಗಳನ್ನು ಕಳೆಯುತ್ತ ಹೋಗುವುದು. ಆ ಮೊದಲಿನ ಧ್ವನಿಗೆ ಡಿಜಿಟಲ್ ಮಂಡಲಕ್ಕಿಂತ ಸುಲಭವಾದ ಆಕರವಿಲ್ಲವೆಂದು ನನ್ನ ಅಭಿಮತ. ಏಕೆಂದರೆ ಎರಡೇ ನಿಲುವುಗಳನ್ನು ಬಲ್ಲ ಅದು ಒಂದರಿಂದ ಮತ್ತೊಂದಕ್ಕೆ ಥಟ್ಟನೆ ನೆಗೆಯುವ ಕಾರಣದಿಂದಲೇ ಅದರ ಚೌಕತರಂಗದಲ್ಲಿ 3, 5, 7 ಮೊದಲಾದ ಬೆಸ ಹಾರ್ಮೋನಿಕ್‌ಗಳು ಕ್ರಮವಾಗಿ ಮೂಲಸ್ವರದ ಮೂರರಲ್ಲೊಂದು, ಐದರಲ್ಲೊಂದು, ಏಳರಲ್ಲೊಂದು ಪಾಲಿನ ಬಲದಿಂದ ನೆಲೆಸಿರುತ್ತವೆ.

40106 ಎಂಬ ಅಗ್ಗದ ಚಿಪ್ಪಿನಲ್ಲಿ ಆರು ಶ್ಮಿಟ್ ಟ್ರಿಗರ್ ಇನ್ವರ್ಟರುಗಳುಂಟು. ಅವುಗಳಲ್ಲೊಂದರ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ರೆಸಿಸ್ಟರನ್ನೂ, ಇನ್‌ಪುಟ್ಟಿನಿಂದ ಗ್ರೌಂಡಿಗೆ ಕೆಪಾಸಿಟರನ್ನೂ ಜೋಡಿಸಿ 9 ವೋಲ್ಟಿನ ಬ್ಯಾಟರಿಯನ್ನು ಕೊಟ್ಟರೆ, ಕೆಪಾಸಿಟರು ತುಂಬುತ್ತ ಮೇಲಣ ಎಲ್ಲೆಯನ್ನು ಮುಟ್ಟಿದೊಡನೆ ಔಟ್‌ಪುಟ್ಟು ಕೆಳಗಿಳಿದು, ಬರಿದಾಗುತ್ತ ಕೆಳಗಣ ಎಲ್ಲೆಯನ್ನು ಮುಟ್ಟಿದೊಡನೆ ಮತ್ತೆ ಮೇಲೇರಿ, ಆಂದೋಲನವು ನಿರಂತರವಾಗಿ ನಡೆಯುವುದು; ರೆಸಿಸ್ಟರನ್ನು ಬದಲಿಸಿದರೆ ಶ್ರುತಿಯೂ ಬದಲಾಗುವುದು.

ಇಷ್ಟು ಸಿದ್ಧವಾದ ಮೇಲೆ ಬರುವ ಹಂತವೇ ನನ್ನ ಮನಸ್ಸನ್ನು ಅತಿಶಯವಾಗಿ ಸೆಳೆದುದು. ಈ ತರಂಗವನ್ನು 4040 ಎಂಬ ಕೌಂಟರಿಗೆ ಉಣಿಸಿದರೆ, ಅದರ 12 ಔಟ್‌ಪುಟ್ಟುಗಳಲ್ಲಿ ಪ್ರತಿಯೊಂದೂ ತನ್ನ ಹಿಂದಿನದರ ಅರ್ಧ ಆವೃತ್ತಿಯಲ್ಲಿ, ಎಂದರೆ ಒಂದು ಸ್ಥಾಯಿ ಕೆಳಗೆ, ನುಡಿಯುತ್ತದೆ. ಹ್ಯಾಮಂಡ್ ಸಂಸ್ಥೆಯ ನೋವಾಕಾರ್ಡ್ 1939ರಷ್ಟು ಹಿಂದೆಯೇ, ನಿರ್ವಾತನಳಿಕೆಗಳ ಕಾಲದಲ್ಲಿ, 12 ಆಂದೋಲಕಗಳನ್ನು ಹೀಗೆ ಭಾಗಿಸುತ್ತ 72 ಸ್ವರಗಳನ್ನು ಪಡೆದಿತ್ತು. ಕೌಂಟರಿನ ನಾಲ್ಕು ಅನುಕ್ರಮ ಔಟ್‌ಪುಟ್ಟುಗಳನ್ನು, ಅತಿ ಮಂದ್ರವಾದುದಕ್ಕೆ 10 ಕಿಲೋ ಓಮ್, ಮೇಲಿನವುಗಳಿಗೆ 20, 40, 80 ಎಂಬಂತೆ ಇಮ್ಮಡಿಸುತ್ತ ಹೋಗುವ ರೆಸಿಸ್ಟರುಗಳ ಮೂಲಕ ಒಂದುಗೂಡಿಸಿದಾಗ, 16 ಮೆಟ್ಟಿಲುಗಳ ಗರಗಸದಾಕಾರದ ತರಂಗವು ರೂಪುಗೊಳ್ಳುತ್ತದೆ. ಇಮ್ಮಡಿ ಆವೃತ್ತಿಗೆ ಅರ್ಧಬಲವನ್ನಿತ್ತುದರಿಂದ, ಚೌಕತರಂಗದಲ್ಲಿ ಇಲ್ಲದ ಸಮ ಹಾರ್ಮೋನಿಕ್‌ಗಳು ಗರಗಸತರಂಗಕ್ಕೆ ಸಲ್ಲತಕ್ಕ ಪ್ರಮಾಣದಲ್ಲಿಯೇ ಬಂದು ಸೇರುವುವು. 16ರ ಗುಣಕಗಳು ಮಾತ್ರ ಗೈರುಹಾಜರಾಗಿರುವುವು. ಕೇವಲ ಭಾಗಾಕಾರದಿಂದ ನಾದವು ಇಷ್ಟು ಪುಷ್ಟವಾಗುವುದು ನನಗೆ ಗಣಿತದ ಸೌಂದರ್ಯವು ಕಿವಿಗೆ ಗೋಚರವಾಗುವ ಅಪೂರ್ವ ಸಂದರ್ಭವೆಂದೇ ತೋರುತ್ತದೆ.

ಗಾಳಿಯ ಸುಯ್ಯೆನ್ನುವ ಸದ್ದಿಗೂ ಎರಡು ನಿಲುವುಗಳೇ ಸಾಕು. 17 ಹಂತಗಳ ಶಿಫ್ಟ್ ರಿಜಿಸ್ಟರಿನ 14ನೆಯ ಹಾಗೂ 17ನೆಯ ಹಂತಗಳನ್ನು ಎಕ್ಸ್‌ಓಆರ್ ದ್ವಾರದಲ್ಲಿ ಹೋಲಿಸಿ, ಫಲವನ್ನು ಮೊದಲ ಹಂತಕ್ಕೆ ಹಿಂತಿರುಗಿಸಿದರೆ, 1,31,071 ಹೆಜ್ಜೆಗಳವರೆಗೆ ಮರುಕಳಿಸದ, ಕ್ರಮವಿಲ್ಲದಂತೆ ಕೇಳುವ ಮಾಲೆಯೊಂದು ಹೊರಡುತ್ತದೆ. ಎಲ್ಲ ಹಂತಗಳೂ ಸೊನ್ನೆಯಾಗಿದ್ದರೆ ಮಾತ್ರ ಮಂಡಲವು ಎಂದೆಂದಿಗೂ ಮೂಕವಾಗಿ ಉಳಿಯುವುದರಿಂದ, ವಿದ್ಯುತ್ತನ್ನು ಹಾಯಿಸುವಾಗಲೇ ಯಾವುದಾದರೊಂದು ಹಂತಕ್ಕೆ ಒಂದನ್ನು ತುಂಬುವ ಏರ್ಪಾಡನ್ನು ಮಾಡತಕ್ಕದ್ದು.