ಮನಸ್ಸು ಕುಗ್ಗಿದರೆ ಮೂಗೂ ಮಂಕಾಗುತ್ತದೆಯೇ?

ಪ್ರಶ್ನೆ: ಮುಧೋಳ, ಜಮಖಂಡಿಯ ಗಾಣಗಳಲ್ಲಿ ಬೆಲ್ಲ ಕುದಿಯುವ ವಾಸನೆ ಖಿನ್ನತೆ ಇದ್ದವರಿಗೆ ತಿಳಿಯುವುದಿಲ್ಲವೇ?

ಉತ್ತರ: ತಿಳಿಯುತ್ತದೆ, ಆದರೆ ಹಲವರಿಗೆ ಮಂದವಾಗಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೊರೆಯೆದ್ದಾಗಿನ ಘಮ ಮೂಗಿನ ನರಗಳಿಂದ ಮಿದುಳಿನ ಘ್ರಾಣಭಾಗಕ್ಕೆ, ಅಲ್ಲಿಂದ ನೇರವಾಗಿ ಭಾವನೆಗಳ ಕೇಂದ್ರವಾದ ಅಮಿಗ್ಡಲಕ್ಕೆ ಮುಟ್ಟುತ್ತದೆ. ನೋಟ, ಶಬ್ದಗಳಂತೆ ಮೊದಲು ಥಾಲಮಸ್ ಹಾಯಬೇಕಿಲ್ಲ. ತೀವ್ರ ಖಿನ್ನತೆಯಲ್ಲಿ ಆ ಘ್ರಾಣಭಾಗವೇ ಚಿಕ್ಕದಾಗಿದ್ದುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಯಾವುದರಲ್ಲೂ ಆಸಕ್ತಿ ಉಳಿಯದವರು ವಾಸನೆಯನ್ನೂ ಗಮನಿಸುವುದಿಲ್ಲ, ಅಷ್ಟೇ ಎನ್ನಬಹುದು. ಅದೂ ಸ್ವಲ್ಪ ನಿಜ. ಆದರೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2,125 ಹಿರಿಯರನ್ನು ಎಂಟು ವರ್ಷ ಗಮನಿಸಿದ ಅಧ್ಯಯನವೊಂದನ್ನು 2023ರಲ್ಲಿ ಪ್ರಕಟಿಸಿದರು. ವಾಸನೆ ಕುಂದಿದ್ದವರಲ್ಲಿ ಮುಂದೆ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಾಣಿಸಿದ್ದವು. ಗಮನದ ಕೊರತೆಯೊಂದೇ ಇದನ್ನು ವಿವರಿಸಲಾರದು. ಹಾಗಂತ ನೆಗಡಿ, ಕೋವಿಡ್‌ನಿಂದ ವಾಸನೆ ಕಳೆದುಕೊಂಡವರೆಲ್ಲ ಖಿನ್ನರಲ್ಲ. ಜತೆಗೆ ನಿದ್ದೆ, ಹಸಿವು, ಉಮೇದೂ ಎರಡು ವಾರ ಕುಂದಿದ್ದರೆ ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ.