ಪಕ್ಕದಲ್ಲೊಬ್ಬರಿದ್ದರೆ ಮಗು ಎಷ್ಟು ಬಲ್ಲದು?

ಇಬ್ಬರು ಮಕ್ಕಳು, ಇಬ್ಬರಿಗೂ ಹತ್ತು ವರ್ಷ. ಬುದ್ಧಿಶಕ್ತಿ ಪರೀಕ್ಷೆ ಕೊಟ್ಟರೆ ಇಬ್ಬರೂ ಎಂಟು ವರ್ಷದವರಿಗೆಂದು ಇಟ್ಟ ಪ್ರಶ್ನೆಗಳವರೆಗೆ ಮಾತ್ರ ಬಿಡಿಸುತ್ತಾರೆ. ಇಬ್ಬರ ಹೆಸರಿನ ಮುಂದೆಯೂ ಒಂದೇ ಅಂಕ ಬೀಳುತ್ತದೆ. ಪರೀಕ್ಷಕರು ಅಷ್ಟಕ್ಕೇ ಎದ್ದು ಹೋಗದೆ ಮಕ್ಕಳ ಪಕ್ಕದಲ್ಲಿ ಕೂರುತ್ತಾರೆ. ಮೊದಲ ಹೆಜ್ಜೆಯನ್ನು ತಾವೇ ಮಾಡಿ ತೋರಿಸುತ್ತಾರೆ, ದಾರಿ ಹೊಳೆಯುವಂಥ ಒಂದು ಪ್ರಶ್ನೆ ಕೇಳುತ್ತಾರೆ, ಅರ್ಧ ಸುಳಿವು ಕೊಟ್ಟು ಸುಮ್ಮನಾಗುತ್ತಾರೆ. ಈಗ ಒಬ್ಬಳು ಹನ್ನೆರಡು ವರ್ಷದವರ ಪ್ರಶ್ನೆಗಳನ್ನೂ ಬಿಡಿಸುತ್ತಾಳೆ. ಇನ್ನೊಬ್ಬ ಒಂಬತ್ತಕ್ಕೆ ನಿಲ್ಲುತ್ತಾನೆ. ಇವರಿಬ್ಬರ ಮಟ್ಟ ಒಂದೇ ಎನ್ನಬಹುದೇ?

ಈ ಪ್ರಶ್ನೆಯನ್ನು 1930ರ ದಶಕದ ಆರಂಭದಲ್ಲಿ ಎತ್ತಿದವರು ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ. ಬಿ.ಇಡಿ., ಡಿ.ಇಡಿ. ಮಾಡಿದವರಿಗೆ ಈ ಹೆಸರು ಹೊಸದಲ್ಲ. ಪಿಯಾಜೆ, ಸ್ಕಿನ್ನರ್, ಬಂಡೂರ, ಎರಿಕ್‌ಸನ್, ಕೋಲ್‌ಬರ್ಗ್ ಇವರೆಲ್ಲರ ಜೊತೆ ಅವರೂ ಟಿಪ್ಪಣಿ ಪುಸ್ತಕದಲ್ಲಿ ಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬರಿಗೂ ಒಂದು ಸಿದ್ಧಾಂತ, ನಾಲ್ಕು ಅಂಶ, ಐದು ಅಂಕ. ಹೀಗೆ ಸಾಲಾಗಿ ನಿಲ್ಲಿಸಿದರೆ ಅವರ ನಡುವೆ ಇದ್ದ ಜಗಳವೇ ಕಾಣುವುದಿಲ್ಲ. ಆ ಜಗಳ ಮಗುವನ್ನು ಒಂಟಿಯಾಗಿ ಕೂರಿಸಿ ನೋಡಬೇಕೋ, ಜೊತೆಗೊಬ್ಬರನ್ನು ಕೂರಿಸಿ ನೋಡಬೇಕೋ ಎಂಬುದರ ಬಗ್ಗೆ. ನಮ್ಮ ಶಾಲೆಗಳಲ್ಲಿ ಅದು ಇವತ್ತಿಗೂ ಇತ್ಯರ್ಥವಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಕತೆ ಪ್ಯಾರಿಸ್‌ನಿಂದ ಶುರುವಾಗಬೇಕು. ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ 1905ರಲ್ಲಿ ತಮ್ಮ ಬುದ್ಧಿಶಕ್ತಿ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ನೆರವಿಗಾಗಿ ಹುಟ್ಟಿದ ಈ ಪರೀಕ್ಷೆ ಕೆಲವೇ ವರ್ಷಗಳಲ್ಲಿ ದೇಶದೇಶಗಳಲ್ಲಿ ಮಕ್ಕಳನ್ನು ಜಾಣರು, ದಡ್ಡರು ಎಂದು ಬೇರ್ಪಡಿಸುವ ಸಾಧನವಾಯಿತು. ಬಿನೆ ತೀರಿಕೊಂಡ ಮೇಲೆ, 1920ರ ಸುಮಾರಿಗೆ, ಸಿಮೋನ್ ಅವರ ಬಳಿ ಕೆಲಸಕ್ಕೆ ಬಂದ ಯುವಕ ಜೀನ್ ಪಿಯಾಜೆ. ಸ್ವಿಟ್ಜರ್ಲೆಂಡಿನವನು, ಬಸವನಹುಳುವಿನ ಜಾತಿಯ ಮೃದ್ವಂಗಿಗಳ ಮೇಲೆ ಡಾಕ್ಟರೇಟ್ ಪಡೆದವನು. ಸಿರಿಲ್ ಬರ್ಟ್ ಇಂಗ್ಲಿಷಿನಲ್ಲಿ ರಚಿಸಿದ್ದ ತರ್ಕದ ಪ್ರಶ್ನೆಗಳನ್ನು ಪ್ಯಾರಿಸ್ಸಿನ ಶಾಲಾಮಕ್ಕಳಿಗೆ ಹೊಂದಿಸುವುದು ಅವನಿಗೆ ಸಿಕ್ಕ ಕೆಲಸ. ಸರಿಯುತ್ತರಗಳನ್ನು ಎಣಿಸಿ ಪಟ್ಟಿ ಮಾಡಿದ್ದರೆ ಸಾಕಿತ್ತು. ಆದರೆ ಪಿಯಾಜೆಯ ಕಣ್ಣು ತಪ್ಪುತ್ತರಗಳ ಮೇಲೆ ನೆಟ್ಟಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಹಾಗಾದರೆ ಇದು ತಿಳಿವಳಿಕೆಯ ಕೊರತೆಯಲ್ಲ, ಬೇರೆಯದೇ ಆದ ಒಂದು ತರ್ಕ ಇಲ್ಲಿ ಕೆಲಸ ಮಾಡುತ್ತಿದೆ ಎಂದು ಅವನಿಗೆ ಅನ್ನಿಸಿತು.

ಮಗುವಿನ ತಪ್ಪನ್ನು ಇಷ್ಟು ಗೌರವದಿಂದ ಆಲಿಸಿದವರು ಅದಕ್ಕೂ ಮುಂಚೆ ಹೆಚ್ಚು ಮಂದಿ ಇರಲಿಲ್ಲ. ಸ್ವಿಟ್ಜರ್ಲೆಂಡಿಗೆ ಮರಳಿದ ಮೇಲೆ ಪಿಯಾಜೆ ತನ್ನದೇ ಮೂವರು ಮಕ್ಕಳನ್ನು, ಜಾಕ್ಲೀನ್, ಲೂಸಿಯೆನ್, ಲೊರಾನ್ ಎಂಬುವರನ್ನು, ಹುಟ್ಟಿದಾಗಿನಿಂದ ಗಮನಿಸಿ ಬರೆದಿಟ್ಟರು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಐದಾರು ತಿಂಗಳ ಕೂಸು ಅದನ್ನು ಹುಡುಕುವುದಿಲ್ಲ, ಎಂಟು ತಿಂಗಳ ಆಸುಪಾಸಿನಲ್ಲಿ ಬಟ್ಟೆ ಎತ್ತಿ ನೋಡತೊಡಗುತ್ತದೆ. ಗಿಡ್ಡ ಲೋಟದ ನೀರನ್ನು ಕಣ್ಣೆದುರೇ ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ ಐದು ವರ್ಷದ ಮಗು ನೀರು ಹೆಚ್ಚಾಯಿತು ಎನ್ನುತ್ತದೆ, ಏಳೆಂಟು ವರ್ಷಕ್ಕೆ ಅಷ್ಟೇ ಇದೆ ಎನ್ನುತ್ತದೆ. ಇಂಥ ಪ್ರಯೋಗಗಳ ಮೇಲೆ ನಿಂತದ್ದು ಅವರ ನಾಲ್ಕು ಹಂತಗಳ ಸಿದ್ಧಾಂತ: ಎರಡು ವರ್ಷದವರೆಗೆ ಕೈ, ಕಣ್ಣು, ಬಾಯಿಗಳಿಂದಲೇ ಜಗತ್ತನ್ನು ಅರಿಯುವ ಕಾಲ; ಆಮೇಲೆ ಏಳರವರೆಗೆ ಸಂಕೇತಗಳು ಬಂದರೂ ತರ್ಕ ನೆಲೆಯಾಗದ ಕಾಲ; ಹನ್ನೊಂದರವರೆಗೆ ಕಣ್ಣೆದುರಿನ ವಸ್ತುಗಳ ತರ್ಕ; ನಂತರ ಅಮೂರ್ತ ಚಿಂತನೆ. ಮಗು ತಾನಾಗಿಯೇ, ವಸ್ತುಗಳೊಡನೆ ಗುದ್ದಾಡುತ್ತ, ಒಂದೊಂದೇ ಹಂತ ದಾಟುತ್ತದೆ ಎಂಬುದು ಅದರ ತಿರುಳು.

ಅದೇ ಕಾಲದಲ್ಲಿ ಪರೀಕ್ಷೆಗಳ ಪರಂಪರೆ ನಮ್ಮಲ್ಲಿಗೂ ಬಂತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರು. ಎಲ್ಲ ಬಗೆಯ ಜಾಣತನದ ಹಿಂದೆಯೂ ಒಂದು ಸಾಮಾನ್ಯ ಶಕ್ತಿಯಿದೆ, ಅದನ್ನು ಅಳೆಯಬಹುದು ಎಂದವರು ಸ್ಪಿಯರ್‌ಮನ್.

ವೈಗೋಟ್‌ಸ್ಕಿ ಹುಟ್ಟಿದ್ದು ಪಿಯಾಜೆ ಹುಟ್ಟಿದ ವರ್ಷವೇ, 1896ರಲ್ಲಿ, ಇಂದಿನ ಬೆಲಾರುಸ್‌ನ ಓರ್ಶಾದಲ್ಲಿ. ಯಹೂದಿ ಕುಟುಂಬ. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಯಹೂದಿಗಳಿಗೆ ಇದ್ದ ಕೆಲವೇ ಸೀಟುಗಳನ್ನು ಲಾಟರಿ ಎತ್ತಿ ಹಂಚುತ್ತಿದ್ದರು. ಆ ಲಾಟರಿಯಲ್ಲಿ ಹೆಸರು ಬಂದು ಕಾನೂನು ಓದಿದರು. ಗೋಮೆಲ್ ಎಂಬ ಊರಿನಲ್ಲಿ ಮೇಷ್ಟರಾಗಿದ್ದವರು 1924ರಲ್ಲಿ ಲೆನಿನ್‌ಗ್ರಾಡ್‌ನ ಸಮ್ಮೇಳನದಲ್ಲಿ ಮಾಡಿದ ಭಾಷಣ ಕೇಳಿ ಮಾಸ್ಕೋದವರು ಕರೆಸಿಕೊಂಡರು. ಅಷ್ಟರಲ್ಲಾಗಲೇ ಕ್ಷಯ ಅಂಟಿತ್ತು. ಹತ್ತು ವರ್ಷ ಕೆಲಸ ಮಾಡಿ 1934ರಲ್ಲಿ ತೀರಿಕೊಂಡಾಗ ವಯಸ್ಸು 37.

ಪಿಯಾಜೆಯ ಮೊದಲ ಪುಸ್ತಕಗಳನ್ನು ಅವರು ಆಸಕ್ತಿಯಿಂದ ಓದಿದ್ದರು. ಇಬ್ಬರೂ ಮುಖಾಮುಖಿಯಾಗುವುದು ಒಂದು ಪುಟ್ಟ ಸಂಗತಿಯಲ್ಲಿ. ಆಡುವಾಗ, ಚಿತ್ರ ಬರೆಯುವಾಗ ಮಕ್ಕಳು ತಮಗೆ ತಾವೇ ಮಾತಾಡಿಕೊಳ್ಳುತ್ತಾರಲ್ಲ, ಅದು ಏಕೆ? ಇನ್ನೊಬ್ಬರ ದೃಷ್ಟಿ ಅರಿಯದ ಮಗುವಿನ ಮಾತು ಅದು, ದೊಡ್ಡದಾದಂತೆ ಉದುರಿಹೋಗುತ್ತದೆ ಎಂದರು ಪಿಯಾಜೆ. ವೈಗೋಟ್‌ಸ್ಕಿ ಮತ್ತು ಸಂಗಡಿಗರು ಮಕ್ಕಳಿಗೆ ಬೇಕೆಂದೇ ಅಡ್ಡಿ ತಂದೊಡ್ಡಿದರು. ಚಿತ್ರ ಬರೆಯುವ ಹೊತ್ತಿಗೆ ಬೇಕಾದ ಬಣ್ಣವನ್ನೋ ಕಾಗದವನ್ನೋ ಇಡಲಿಲ್ಲ. ಮಕ್ಕಳ ಸ್ವಗತ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಐದೂವರೆ ವರ್ಷದ ಒಂದು ಮಗು ಟ್ರಾಮ್ ಗಾಡಿಯ ಚಿತ್ರ ಬರೆಯುತ್ತಿತ್ತು. ಗಾಲಿ ಸುತ್ತುವಾಗ ಪೆನ್ಸಿಲ್ ಮೊನೆ ಮುರಿಯಿತು. ಒತ್ತಿ ಒತ್ತಿ ನೋಡಿತು, ಗೆರೆ ಮೂಡಲಿಲ್ಲ. ಮುರಿದುಹೋಯಿತು ಎಂದು ತನ್ನಷ್ಟಕ್ಕೆ ಗೊಣಗಿತು. ನಂತರ ಬಣ್ಣದ ಕುಂಚ ಹಿಡಿದು ಬರೆದದ್ದು ಕೆಟ್ಟುನಿಂತ ಟ್ರಾಮ್ ಚಿತ್ರವನ್ನು. ಬಾಯಿಂದ ಹೊರಬಿದ್ದ ಆ ಒಂದು ಮಾತು ಮುಂದಿನ ಕೆಲಸಕ್ಕೆ ದಾರಿ ತೋರಿತ್ತು. ಇಂಥ ಮಾತು ಉದುರಿಹೋಗುವುದಿಲ್ಲ, ಒಳಗಿಳಿದು ಯೋಚನೆಯಾಗುತ್ತದೆ ಎಂದರು ವೈಗೋಟ್‌ಸ್ಕಿ. ಮೊದಲು ಅಮ್ಮ, ಅಕ್ಕ, ಮೇಷ್ಟರು ಮಗುವಿಗೆ ಹೇಳಿದ್ದು. ಆಮೇಲೆ ಮಗು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡದ್ದು. ಕೊನೆಗೆ ಸದ್ದಿಲ್ಲದ ಆಲೋಚನೆ. ಬುದ್ಧಿ ಹೊರಗಿನ ಸಂಬಂಧದಿಂದ ಒಳಗೆ ಹೋಗುವ ಸಂಗತಿಯಾದರೆ ಅದನ್ನು ಒಂಟಿ ಮಗುವಿನಲ್ಲಿ ಮಾತ್ರ ಹುಡುಕಿ ಫಲವೇನು? ಹತ್ತು ವರ್ಷದ ಆ ಇಬ್ಬರು ಮಕ್ಕಳ ಪ್ರಶ್ನೆ ಬಂದದ್ದು ಇಲ್ಲಿಂದಲೇ. ತಾನೊಬ್ಬನೇ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವನ್ನು ಅವರು ಸಮೀಪ ವಿಕಾಸ ವಲಯ ಎಂದು ಕರೆದರು.

ಅವರು ಸತ್ತ ಎರಡೇ ವರ್ಷಕ್ಕೆ, 1936ರಲ್ಲಿ, ಮಕ್ಕಳ ಸಮಗ್ರ ಅಧ್ಯಯನವಾದ ‘ಪೆಡಾಲಜಿ’ಯನ್ನು ಸೋವಿಯತ್ ಕಮ್ಯುನಿಸ್ಟ್ ಪಕ್ಷ ನಿಷೇಧಿಸಿತು. ಅದರೊಂದಿಗೆ ವೈಗೋಟ್‌ಸ್ಕಿಯ ಬರಹಗಳೂ ಮೂಲೆ ಸೇರಿದವು. ಮತ್ತೆ ಅಚ್ಚಾದದ್ದು 1956ರಲ್ಲಿ. ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಆಗ ಪಿಯಾಜೆ ಆ ಟೀಕೆಗೆ ಉತ್ತರ ಬರೆದರು. ಅಷ್ಟು ಸಮೀಪದ ಚಿಂತಕನೊಬ್ಬನ ಮಾತನ್ನು ಆತ ಸತ್ತು ಇಷ್ಟು ವರ್ಷಗಳಾದ ಮೇಲೆ ಓದಬೇಕಾಯಿತಲ್ಲ ಎಂಬ ನೋವು ಅದರಲ್ಲಿತ್ತು. ಸ್ವಗತದ ವಿಷಯದಲ್ಲಿ ವೈಗೋಟ್‌ಸ್ಕಿ ಹೇಳಿದ್ದಕ್ಕೆ ಬಹುಪಾಲು ಒಪ್ಪಿಗೆಯೂ ಇತ್ತು.

ಪಿಯಾಜೆಯ ಪ್ರಯೋಗಗಳಿಗೂ ಆಮೇಲೆ ಹೊಸ ಪರಿಶೀಲನೆ ನಡೆಯಿತು. ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ 1974ರಲ್ಲಿ ಎರಡು ಸಾಲು ಬಿಲ್ಲೆಗಳನ್ನು ಜೋಡಿಸಿ, ತುಂಟ ಗೊಂಬೆ ಕರಡಿಯೊಂದು ಬಂದು ಒಂದು ಸಾಲನ್ನು ಕಲಕಿದಂತೆ ಆಟ ಕಟ್ಟಿದರು. ದೊಡ್ಡವರು ಗಂಭೀರವಾಗಿ ಸಾಲು ಬದಲಿಸಿ ಕೇಳಿದಾಗ ಎಡವುತ್ತಿದ್ದ ಅನೇಕ ಮಕ್ಕಳು ಈಗ ಎರಡರಲ್ಲೂ ಅಷ್ಟೇ ಇವೆ ಎಂದರು. ದೊಡ್ಡವರು ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ. ಒಂಟಿ ಮಗುವಿನ ಪ್ರಯೋಗದಲ್ಲೂ ಎದುರಿಗೆ ಕೂತ ದೊಡ್ಡವರು ಇದ್ದೇ ಇದ್ದರು, ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪ್ರಶ್ನೆ ಕೇಳುವವರ ಈ ಭಾರವನ್ನು ನಾನು ಅತ್ಯಂತ ತೀವ್ರವಾಗಿ ಕಾಣುವುದು ಉಜ್ಬೇಕಿಸ್ತಾನದಲ್ಲಿ. ವೈಗೋಟ್‌ಸ್ಕಿಯ ಸಂಗಾತಿ ಅಲೆಕ್ಸಾಂಡರ್ ಲೂರಿಯಾ 1931 ಮತ್ತು 1932ರಲ್ಲಿ ಅಲ್ಲಿನ ಹಳ್ಳಿಗಳಿಗೆ ಹೋದರು. ಶಾಲೆ ಕಾಣದ ರೈತರಿಗೆ ಅವರು ಒಡ್ಡಿದ ಒಗಟು ಪ್ರಸಿದ್ಧ: ಹಿಮವಿರುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ, ನೊವಾಯಾ ಜೆಮ್ಲ್ಯಾ ಅಲ್ಲೇ ಇದೆ, ಹಾಗಾದರೆ ಅಲ್ಲಿನ ಕರಡಿಗಳ ಬಣ್ಣ ಯಾವುದು? ನಾನು ಅಲ್ಲಿಗೆ ಹೋಗಿಲ್ಲ, ಕಂಡದ್ದು ಕಪ್ಪು ಕರಡಿ, ಕಾಣದ್ದರ ಬಗ್ಗೆ ಮಾತಾಡುವುದಿಲ್ಲ ಎಂಬ ಅರ್ಥದ ಉತ್ತರಗಳು ಬಂದವು. ಶಾಲೆಯಲ್ಲಿ ಸ್ವಲ್ಪ ಕಾಲ ಕಲಿತವರು ಥಟ್ಟನೆ ಬಿಳಿ ಎಂದರು. ಶಾಲೆ ಯೋಚನೆಯ ರೀತಿಯನ್ನೇ ಬದಲಿಸುತ್ತದೆ ಎಂದು ಲೂರಿಯಾ ತೀರ್ಮಾನಿಸಿದರು. ಅದು ನಿಜ. ಆದರೆ ಆ ರೈತರಿಗೆ ತರ್ಕ ಬಾರದು ಎಂದು ಇದನ್ನು ಓದುವುದು ಅನ್ಯಾಯ. ಕಣ್ಣಾರೆ ಕಾಣದ್ದಕ್ಕೆ ಸಾಕ್ಷಿ ಹೇಳಬಾರದೆಂಬ ನಿಯಮದಿಂದ ಅವರು ಕಟ್ಟುನಿಟ್ಟಾಗಿ ತರ್ಕಿಸುತ್ತಿದ್ದರು. ಕೇಳುವವರ ಮಾತನ್ನು ನಂಬಿ ಅದರೊಳಗೇ ಉತ್ತರ ಹುಡುಕಬೇಕೆಂಬ ಆಟ ಶಾಲೆಯದು, ಆ ಆಟವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಮೊದಲ ಪೀಳಿಗೆಯಲ್ಲಿ ಶಾಲೆಗೆ ಬಂದ ಮಗು ನಮ್ಮ ತರಗತಿಯಲ್ಲಿ ಮೌನವಾಗಿ ಕೂತಾಗಲೂ ಇದನ್ನು ನೆನೆಯಬೇಕು.

ನೆರವು ಎಂದರೆ ಉತ್ತರ ಹೇಳಿಕೊಡುವುದೇ ಎಂದು ಕೇಳುವವರಿಗೆ 1976ರ ಒಂದು ಪ್ರಯೋಗವಿದೆ. ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಅವರು ಮೂರರಿಂದ ಐದು ವರ್ಷದ 30 ಮಕ್ಕಳಿಗೆ 21 ಮರದ ತುಂಡುಗಳನ್ನು ಜೋಡಿಸಿ ಗೋಪುರ ಕಟ್ಟಲು ಕೊಟ್ಟರು. ಪಕ್ಕದಲ್ಲಿ ಕಲಿಸುವವರು ಒಬ್ಬರು. ಮೂರು ವರ್ಷದವರ ಜೊತೆ ಅವರ ಶ್ರಮವೆಲ್ಲ ಮಗುವಿನ ಮನಸ್ಸು ಕೆಲಸದಿಂದ ಜಾರದಂತೆ ಹಿಡಿಯುವುದಕ್ಕೇ ಹೋಯಿತು. ನಾಲ್ಕು ವರ್ಷದವರಿಗೆ ಎಲ್ಲಿ ತಪ್ಪಿತೆಂದು ಬಾಯಲ್ಲಿ ಹೇಳಿದರೆ ಸಾಕಾಯಿತು. ಐದು ವರ್ಷದವರು ತಾವೇ ಕಟ್ಟಿ, ಸರಿಯಾ ಎಂದು ಕೇಳಲು ಮಾತ್ರ ತಿರುಗಿ ನೋಡಿದರು. ಕಟ್ಟಡಕ್ಕೆ ಹಾಕುವ ಸಾರುವೆಯ ಹೆಸರನ್ನು ಸಂಶೋಧಕರು ಇಂಥ ನೆರವಿಗೆ ಇಟ್ಟರು.

ಬಹುಮಾನ ಕೊಟ್ಟು ಕಲಿಸುವ ಸ್ಕಿನ್ನರ್ ದಾರಿ, ನೋಡಿ ಅನುಕರಿಸುವ ಬಗ್ಗೆ ಬಂಡೂರ 1961ರಲ್ಲಿ ಗೊಂಬೆಯಿಟ್ಟು ಮಾಡಿದ ಪ್ರಯೋಗ, ಇವೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಜವೇ. ಆದರೆ ನೆರವು ಯಾವಾಗ ಕೊಡಬೇಕು, ಯಾವಾಗ ಹಿಂತೆಗೆಯಬೇಕು ಎಂಬ ಮೇಷ್ಟರ ನಿತ್ಯದ ಪ್ರಶ್ನೆಗೆ ಅವುಗಳಲ್ಲಿ ಇಷ್ಟು ಹತ್ತಿರದ ಉತ್ತರ ನನಗೆ ಸಿಕ್ಕಿಲ್ಲ.

ಕರ್ನಾಟಕದಲ್ಲಿ ಈ ವಿಚಾರ ತರಗತಿಯ ನೆಲದ ಮೇಲೇ ಇದೆ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಬೆಂಬಲದೊಂದಿಗೆ ಶುರು ಮಾಡಿದ ‘ನಲಿ-ಕಲಿ’ ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಹರಡಿತು. ಅಲ್ಲಿ ಮಕ್ಕಳು ಬೆಂಚಿನ ಸಾಲಿನಲ್ಲಿ ಕೂರುವುದಿಲ್ಲ, ಗುಂಪು ತಟ್ಟೆಗಳ ಸುತ್ತ ಕೂರುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ನೆರವು, ಇನ್ನೊಂದರಲ್ಲಿ ಅರೆ ನೆರವು, ಆಮೇಲೆ ಸಹಪಾಠಿಗಳ ಪೂರ್ಣ ನೆರವು, ಅರೆ ನೆರವು, ಕೊನೆಯದು ಸ್ವಕಲಿಕೆ. ಕಲಿಕಾ ಏಣಿಯ ಕಾರ್ಡು ಮುಗಿದಂತೆ ಮಗು ತಟ್ಟೆಯಿಂದ ತಟ್ಟೆಗೆ ಹೋಗುತ್ತದೆ. ಮಾಸ್ಕೋದಲ್ಲಿ ಬರೆದಿಟ್ಟ ಅಂತರವನ್ನು ಇಲ್ಲಿ ಮಕ್ಕಳ ಐದು ಗುಂಪುಗಳಾಗಿ ಕಣ್ಣಾರೆ ನೋಡಬಹುದು. ಒಬ್ಬರೇ ಶಿಕ್ಷಕರಿರುವ ಕಡೆ, ಕಾರ್ಡುಗಳು ಹರಿದು ಕಳೆದುಹೋದ ಕಡೆ, ತಟ್ಟೆಗಳು ಬರೀ ಕೂರುವ ಜಾಗಗಳಾಗುತ್ತವೆ ಎಂಬುದೂ ನಿಜ. ನಾಲ್ಕನೆಯ ತರಗತಿಗೆ ಬಂದರಂತೂ ತಟ್ಟೆಗಳೇ ಇಲ್ಲ.

ಅಳೆಯುವುದರಲ್ಲೂ ಬೇರೆ ದಾರಿ ತೋರಿದವರಿದ್ದಾರೆ. ಜಿನೀವಾದಲ್ಲಿ ಪಿಯಾಜೆ ಬಳಿ ಓದಿದ ರೂವನ್ ಫಾಯರ್‌ಸ್ಟೈನ್, ಮೊರಾಕ್ಕೊದಿಂದ ಇಸ್ರೇಲಿಗೆ ವಲಸೆ ಹೊರಟಿದ್ದ, ಮಾಮೂಲಿ ಪರೀಕ್ಷೆಗಳಲ್ಲಿ ಹಿಂದುಳಿದವರೆನಿಸಿಕೊಂಡ ಯಹೂದಿ ಮಕ್ಕಳೊಡನೆ ಕೆಲಸ ಮಾಡಿದರು. ಮೊದಲು ಪರೀಕ್ಷೆ, ನಡುವೆ ಪಾಠ, ಮತ್ತೆ ಪರೀಕ್ಷೆ ಎಂಬ ಕ್ರಮ ರೂಪಿಸಿದರು. ಆ ಪಾಠದಿಂದ ಮಗು ಎಷ್ಟು ದೂರ ಬಂತು ಎಂಬುದನ್ನೇ ಅವರು ಅಳೆದರು.

ನಮ್ಮ ರೂಪಣಾತ್ಮಕ ಮೌಲ್ಯಮಾಪನದ ದಾಖಲೆಯಲ್ಲಿ ಮಗು ತಾನೊಂದೇ ಬರೆದದ್ದಕ್ಕೆ ಅಂಕದ ಕಲಂ ಇದೆ. ಅದರ ಪಕ್ಕದಲ್ಲಿ ಇನ್ನೊಂದು ಕಲಂ ಬೇಕು: ಎಷ್ಟು ಸುಳಿವು ಕೊಟ್ಟಾಗ, ಯಾರ ಜೊತೆ ಕೂತಾಗ, ಈ ಮಗು ಎಲ್ಲಿಯವರೆಗೆ ಹೋಯಿತು. ದಾಖಲೆ ತುಂಬುವ ಹೊರೆ ಈಗಾಗಲೇ ಶಿಕ್ಷಕರ ಬೆನ್ನು ಬಗ್ಗಿಸಿದೆ ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವೇ. ಆ ಹೊರೆಯಲ್ಲಿ ಯಾರ ಉಪಯೋಗಕ್ಕೂ ಬಾರದ ನಾಲ್ಕು ಕಲಂ ಕಿತ್ತುಹಾಕಿ ಇದೊಂದನ್ನು ಇಡಲಿ. ಮುಂದಿನ ವಾರ ಯಾವ ಮಗುವಿನ ಪಕ್ಕದಲ್ಲಿ ಹೆಚ್ಚು ಹೊತ್ತು ಕೂರಬೇಕು, ಯಾವ ಮಗುವನ್ನು ಅದರ ಪಾಡಿಗೆ ಬಿಡಬಹುದು ಎಂದು ಶಿಕ್ಷಕಿಗೆ ತಿಳಿಸಬಲ್ಲ ಕಲಂ ಇದೇ.