ಮರದ ಧೂಳೂ ಸುಳಿಗಾಳಿಯ ಜರಡಿಯೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿಗೇ ಹೆಗ್ಗನಹಳ್ಳಿಯಿದೆ. ಹೆಸರಿಗೆ ಹಳ್ಳಿಯಾದರೂ ಇಂದು ಅದು ಸಣ್ಣ ಕಾರ್ಖಾನೆಗಳ, ಕಿರಿದಾದ ಅಡ್ಡರಸ್ತೆಗಳ, ಒತ್ತೊತ್ತಾಗಿ ನಿಂತ ಮನೆಗಳ ಬಡಾವಣೆ. ಇಂತಹ ಕಡೆಗಳಲ್ಲಿ ಮನೆಯೂ ಕಾರ್ಯಾಗಾರವೂ ಒಂದೇ ಸೂರಿನಡಿ ಇರುವುದು ಅಪರೂಪವಲ್ಲ. ಕೆಳಗೆ ಬಾಗಿಲು, ಮಂಚ, ಬೀರುಗಳ ಮರಗೆಲಸ, ಮೇಲೆ ಸಂಸಾರ. ಗರಗಸದ ಯಂತ್ರ ತಿರುಗತೊಡಗಿದೊಡನೆ ನೆಲದ ಮೇಲೆ ಹೊಟ್ಟು ಸುರಿಯುತ್ತದೆ. ಕಿಟಕಿಯಿಂದ ಇಳಿದ ಬಿಸಿಲಕೋಲಿನಲ್ಲಿ ಅಸಂಖ್ಯಾತ ಕಣಗಳು ಕುಣಿಯುತ್ತವೆ.

ಈ ಧೂಳನ್ನು ಹಿಡಿಯಲು ಸಣ್ಣ ಕಾರ್ಯಾಗಾರಗಳಲ್ಲಿಯೂ ಬಳಸಬಹುದಾದ ಸಾಧನವೊಂದುಂಟು. ಆಲಿಕೆಯಾಕಾರದ ಪಾತ್ರೆ, ಅದರ ಕೆಳಗೊಂದು ಡ್ರಮ್ಮು, ಮೇಲೊಂದು ಗಾಳಿಯೆಳೆಯುವ ಯಂತ್ರ. ಇದಕ್ಕೆ ಸೈಕ್ಲೋನ್, ಎಂದರೆ ಸುಳಿಗಾಳಿ, ಎಂದೇ ಹೆಸರು. ಸಂಜೆಯ ವೇಳೆಗೆ ಡ್ರಮ್ಮು ತುಂಬಿರುತ್ತದೆ. ಮೇಲಿನ ಕೊಳವೆಯಿಂದ ಹೊರಬರುವ ಗಾಳಿ ಕಣ್ಣಿಗೆ ಶುಭ್ರವಾಗಿಯೇ ತೋರುತ್ತದೆ. ಆದರೆ ಹಿಡಿಯಬೇಕಾದ ಧೂಳನ್ನು ಅದು ನಿಜವಾಗಿ ಹಿಡಿಯಿತೇ? ಇದನ್ನು ಪರೀಕ್ಷಿಸಿ ನೋಡೋಣ.

ಯಾವ ಧೂಳು ಕೆಟ್ಟದ್ದು?

ಧೂಳನ್ನು ಅಳೆಯುವ ಅಳತೆಗೋಲು ಮೈಕ್ರಾನ್. ಅದು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಗರಗಸದ ಹೊಟ್ಟು ಬಹುಮಟ್ಟಿಗೆ ಇದಕ್ಕಿಂತ ದೊಡ್ಡದು. ಉಪ್ಪುಕಾಗದದಿಂದ ಉಜ್ಜಿದಾಗ ಏಳುವ ಧೂಳಿನಲ್ಲಿ 10 ಮೈಕ್ರಾನಿಗಿಂತ ಸಣ್ಣ ಕಣಗಳು ಹೇರಳವಾಗಿರುತ್ತವೆ.

ಸಾಧಾರಣ ಗಡಸು ಮರದ ಕಣವೊಂದು ಒಂದೂವರೆ ಮೀಟರ್ ಎತ್ತರದಿಂದ, ಎಂದರೆ ನಮ್ಮ ಮೂಗಿನ ಮಟ್ಟದಿಂದ, ನಿಶ್ಚಲವಾದ ಗಾಳಿಯಲ್ಲಿ ಬೀಳುತ್ತಿದೆಯೆಂದು ಭಾವಿಸಿ. ಅದರ ವ್ಯಾಸ 100 ಮೈಕ್ರಾನ್ ಆಗಿದ್ದರೆ ಏಳೆಂಟು ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ. 10 ಮೈಕ್ರಾನ್ ಆಗಿದ್ದರೆ ಸುಮಾರು ಹನ್ನೆರಡು ನಿಮಿಷ ಬೇಕು. 1 ಮೈಕ್ರಾನ್ ಕಣಕ್ಕೆ ಸುಮಾರು ಇಪ್ಪತ್ತು ಗಂಟೆ! ವ್ಯಾಸ ಹತ್ತರಲ್ಲೊಂದಾದರೆ ಬೀಳುವ ವೇಗ ನೂರರಲ್ಲೊಂದಾಗುತ್ತದೆ. ಇದು ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮ. ನಿಜವಾದ ಕೋಣೆಯಲ್ಲಿ ಗಾಳಿ ಎಂದೂ ನಿಶ್ಚಲವಾಗಿರುವುದಿಲ್ಲವಾದ ಕಾರಣ, ಸೂಕ್ಷ್ಮ ಧೂಳು ದಿನವಿಡೀ ತೇಲುತ್ತಲೇ ಇರುತ್ತದೆ.

ದೊಡ್ಡ ಕಣಗಳನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ನಾಲ್ಕೈದು ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯಬಲ್ಲವು. ಮೂಗಿನಲ್ಲಿ ನಿಂತ ಧೂಳೂ ನಿರಪಾಯಕಾರಿಯಲ್ಲ. ಇಂಗ್ಲೆಂಡಿನ ಹೈ ವಿಕೂಂಬ್ ಪ್ರದೇಶದ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಒಂದು ವಿರಳವಾದ ಕ್ಯಾನ್ಸರ್ ಅಸಾಧಾರಣ ಪ್ರಮಾಣದಲ್ಲಿರುವುದನ್ನು 1960ರ ದಶಕದಲ್ಲಿ ವೈದ್ಯರು ಗುರುತಿಸಿದರು. 1995ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಕಣದ ತೂರಾಟದಿಂದ ಸುಳಿಗಾಳಿಯವರೆಗೆ

ರಾಗಿಯ ಕಣದಲ್ಲಿ ರೈತನು ಮೊರವೆತ್ತಿ ತೂರುವುದನ್ನು ನಮ್ಮ ವಾಚಕರು ನೋಡಿರಬಹುದು. ಕಾಳು ಕಾಲಬುಡದಲ್ಲೇ ಬೀಳುತ್ತದೆ. ಹೊಟ್ಟು ಗಾಳಿಯ ಪಾಲಾಗುತ್ತದೆ. ಸೈಕ್ಲೋನ್ ಯಂತ್ರವೂ ತೂರುವುದೇ. ಆದರೆ ಭೂಮಿಯ ಸೆಳೆತದ ಬದಲು ತಿರುಗುವಿಕೆಯನ್ನು ಬಳಸಿಕೊಳ್ಳುತ್ತದೆ. ಬಸ್ಸು ರಭಸದಿಂದ ತಿರುವಿನಲ್ಲಿ ಹೊರಳಿದಾಗ ನಾವು ಹೊರಮಗ್ಗುಲಿಗೆ ವಾಲುವುದಿಲ್ಲವೇ? ಹಾಗೆಯೇ, ಪಾತ್ರೆಯ ಅಂಚಿಗೆ ಹೊಂದಿ ಒಳನುಗ್ಗಿದ ಗಾಳಿ ಸುತ್ತತೊಡಗಿದಾಗ ಅದರೊಳಗಿನ ಕಣಗಳು ಜಡತ್ವದಿಂದ ಗೋಡೆಯತ್ತ ಸರಿಯುತ್ತವೆ. ಗೋಡೆಗೆ ತಾಕಿದ ಕಣ ಜಾರುತ್ತ ಡ್ರಮ್ಮಿಗೆ ಇಳಿಯುತ್ತದೆ. ಗಾಳಿ ಮಾತ್ರ ತುದಿಯ ಬಳಿ ಹೊರಳಿ, ನಡುವಿನ ಸುಳಿಯಾಗಿ ಮೇಲೇರಿ ಹೊರಹೋಗುತ್ತದೆ. ಈ ಯಂತ್ರ 1880ರ ದಶಕದಿಂದಲೂ ಬಳಕೆಯಲ್ಲಿದೆ. ಒಳಗೆ ಚಲಿಸುವ ಭಾಗವೇ ಇಲ್ಲದಿರುವುದು ಇದರ ಹಿರಿಮೆ.

ಒಂದು ಸಣ್ಣ ಲೆಕ್ಕ

ಪಾತ್ರೆಯ ತ್ರಿಜ್ಯ 20 ಸೆಂಟಿಮೀಟರ್, ಒಳಬರುವ ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್, ಗಾಳಿ ನುಗ್ಗುವ ಬಾಯಿಯ ಅಗಲ 8 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ 1,125 ಬರುತ್ತದೆ; ಇದು ಗುರುತ್ವದ ಸುಮಾರು 115 ಪಟ್ಟು. ಆದುದರಿಂದ, ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ 2 ಮಿಲಿಮೀಟರಿನಂತೆ ಇಳಿಯುವ 10 ಮೈಕ್ರಾನ್ ಕಣ, ಇಲ್ಲಿ ಸುಮಾರು 24 ಸೆಂಟಿಮೀಟರ್ ವೇಗದಲ್ಲಿ ಗೋಡೆಯ ಕಡೆಗೆ ಸರಿಯುತ್ತದೆ. ಗಾಳಿ ಒಳಗೆ ಐದು ಸುತ್ತು ತಿರುಗಿದರೆ ಸುಮಾರು 0.42 ಸೆಕೆಂಡು ದೊರೆಯುತ್ತದೆ. ಅಷ್ಟರಲ್ಲಿ ಕಣ 10 ಸೆಂಟಿಮೀಟರ್ ಸರಿಯಬಲ್ಲದು. ಬಾಯಿಯ ಅಗಲ ಎಂಟೇ ಆದುದರಿಂದ ಅದು ಸಿಕ್ಕಿಬಿತ್ತು.

5 ಮೈಕ್ರಾನ್ ಕಣವೋ ಅದೇ ಕಾಲದಲ್ಲಿ ಎರಡೂವರೆ ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಗೋಡೆಯ ಹತ್ತಿರವಿದ್ದವು ಸಿಕ್ಕುತ್ತವೆ, ದೂರವಿದ್ದವು ತಪ್ಪಿಸಿಕೊಳ್ಳುತ್ತವೆ. ಒಟ್ಟಿನಲ್ಲಿ ನೂರಕ್ಕೆ ಮೂವತ್ತು ಸೆರೆಯಾದಾವು. 1 ಮೈಕ್ರಾನ್ ಕಣ ಸರಿಯುವುದು ಒಂದೇ ಮಿಲಿಮೀಟರ್. ನೂರಕ್ಕೆ ಒಂದು ಸಿಕ್ಕರೆ ಹೆಚ್ಚು. ಅರ್ಧಕ್ಕರ್ಧ ಸೆರೆಯಾಗುವ ಗಾತ್ರ ಈ ಯಂತ್ರಕ್ಕೆ ಆರು ಮೈಕ್ರಾನಿಗಿಂತ ತುಸು ಮೇಲೆ. ಇದು ಸರಳಗೊಳಿಸಿದ ಲೆಕ್ಕ. ನಿಜವಾದ ಯಂತ್ರದಲ್ಲಿ ಗಾಳಿಯ ಕಲಕಾಟದಿಂದ ಗೆರೆ ಇಷ್ಟು ಸ್ಪಷ್ಟವಾಗಿರದು. ಆದರೂ ತೀರ್ಪು ಒಂದೇ: ಮೂಗಿನಲ್ಲಿ ನಿಲ್ಲುವ ಧೂಳನ್ನು ಸೈಕ್ಲೋನ್ ಬಹುಮಟ್ಟಿಗೆ ಹಿಡಿಯುತ್ತದೆ, ಶ್ವಾಸಕೋಶಕ್ಕೆ ಇಳಿಯುವ ಧೂಳನ್ನು ಬಹುಮಟ್ಟಿಗೆ ಬಿಡುತ್ತದೆ.

ತ್ರಿಜ್ಯ ಕಿರಿದಾದರೆ ಬಲ ಹೆಚ್ಚುವುದೆಂಬುದನ್ನೂ ಈ ಲೆಕ್ಕ ತೋರಿಸುತ್ತದೆ. ಇದೇ ಕಾರಣದಿಂದ ಕೆಲವು ಮನೆ ಗುಡಿಸುವ ಯಂತ್ರಗಳಲ್ಲಿ ಒಂದು ದೊಡ್ಡ ಸುಳಿಯ ಬದಲು ಅನೇಕ ಪುಟ್ಟ ಸುಳಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಆದರೆ ಪುಟ್ಟ ಸುಳಿಗಳ ಮೂಲಕ ಗಾಳಿಯನ್ನೆಳೆಯಲು ಹೆಚ್ಚಿನ ಶಕ್ತಿ ಬೇಕು.

ತೂಕದ ಮೋಸ

"ನೂರಕ್ಕೆ ತೊಂಬತ್ತೊಂಬತ್ತು ಪಾಲು ಧೂಳನ್ನು ಹಿಡಿಯುತ್ತದೆ" ಎಂಬ ಮಾತು ಕೇಳಲು ಇಂಪಾಗಿದೆ. ಆದರೆ ಅದು ತೂಕದ ಲೆಕ್ಕ; ತೂಕವೆಲ್ಲ ದಪ್ಪ ಹೊಟ್ಟಿನಲ್ಲಿದೆ. ನೂರು ಗ್ರಾಂ ಧೂಳಿನಲ್ಲಿ ತಪ್ಪಿಸಿಕೊಂಡ ಆ ಒಂದು ಗ್ರಾಂ, 2 ಮೈಕ್ರಾನಿನ ಕಣಗಳಿಂದಲೇ ಆಗಿದ್ದರೆ, ಅವುಗಳ ಸಂಖ್ಯೆ ಸುಮಾರು 34 ಸಾವಿರ ಕೋಟಿ! ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಆ ಒಂದು ಗ್ರಾಂ ಸಮನಾಗಿ ಹರಡಿದರೆ, ಘನಮೀಟರಿಗೆ 16 ಮಿಲಿಗ್ರಾಮಿಗೂ ಮಿಕ್ಕುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ದಿನದ ಕೆಲಸದ ಸರಾಸರಿಗೆಂದು ಶಿಫಾರಸು ಮಾಡಿರುವ ಮಿತಿ ಘನಮೀಟರಿಗೆ ಕೇವಲ 1 ಮಿಲಿಗ್ರಾಂ. ತುಂಬಿದ ಡ್ರಮ್ಮು ಯಂತ್ರ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿ. ಉಸಿರು ಸುರಕ್ಷಿತವೆಂಬುದಕ್ಕೆ ಅಲ್ಲ.

ಹಾಗಾದರೆ ಮಾಡುವುದೇನು?

ಸೈಕ್ಲೋನನ್ನು ಬಿಸುಡಬೇಕಾಗಿಲ್ಲ, ಅದರ ಸ್ಥಾನವನ್ನರಿತು ಬಳಸಬೇಕು. ಅದು ಮೊದಲ ಜರಡಿ. ಅದರ ಹಿಂದೆ ಸೂಕ್ಷ್ಮ ಧೂಳಿಗೆ ತಕ್ಕ ಶೋಧಕ, ಎಂದರೆ ಫಿಲ್ಟರು, ಇರಲೇಬೇಕು. ಹೊಟ್ಟನ್ನೆಲ್ಲ ಮೊದಲೇ ತೆಗೆದುಬಿಡುವುದರಿಂದ ಶೋಧಕ ಬೇಗ ಕಟ್ಟಿಕೊಳ್ಳುವುದಿಲ್ಲ. ಇದೇ ಸೈಕ್ಲೋನಿನ ನಿಜವಾದ ಉಪಕಾರ. ಶೋಧಕವಿಲ್ಲದೆ ಗಾಳಿಯನ್ನು ಬೀದಿಗೆ ಬಿಟ್ಟರೆ, ಹೆಗ್ಗನಹಳ್ಳಿಯಂತಹ ಇಕ್ಕಟ್ಟಿನ ಬಡಾವಣೆಯಲ್ಲಿ, ನಮ್ಮ ಧೂಳು ಎದುರು ಮನೆಯ ಕಿಟಕಿಯನ್ನು ಹೊಕ್ಕೀತು.

ಡ್ರಮ್ಮಿನ ಮುಚ್ಚಳದಲ್ಲಿ ಸಣ್ಣ ಬಿರುಕೂ ಇರಕೂಡದು. ಒಳಗೆ ಒತ್ತಡ ಕಡಮೆಯಿರುವುದರಿಂದ ಹೊರಗಾಳಿ ಅಲ್ಲಿಂದ ನುಗ್ಗಿ, ಬಿದ್ದ ಧೂಳನ್ನು ಮತ್ತೆ ಮೇಲೆಬ್ಬಿಸುತ್ತದೆ. ಕೊಳವೆ ಅಗಲವೂ ಗಿಡ್ಡವೂ ಆಗಿರಲಿ. ಗಾಳಿಯ ವೇಗ ಅರ್ಧಕ್ಕಿಳಿದರೆ ಮೇಲಿನ ಲೆಕ್ಕದ ಆರು ಮೈಕ್ರಾನ್ ಒಂಬತ್ತಾಗುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಧೂಳು ಹುಟ್ಟುವ ಜಾಗದಲ್ಲೇ ಅದನ್ನು ಸೆಳೆಯಬೇಕು. ಕೊಳವೆಯೊಳಕ್ಕೆ ಬಾರದ ಧೂಳನ್ನು ಯಾವ ಯಂತ್ರವೂ ಹಿಡಿಯಲಾರದು. ಉಜ್ಜುವ ಕೆಲಸದಲ್ಲಿ ಮುಖಕ್ಕೆ ಸರಿಯಾಗಿ ಹೊಂದುವ ಎನ್-95 ಮುಖವಾಡ ಧರಿಸುವುದು ಒಳ್ಳೆಯದು. ಬಾಯಿಗೆ ಸುತ್ತಿದ ಟವಲು ಅದಕ್ಕೆ ಸಮನಲ್ಲ. ಒಣ ಪೊರಕೆಯಿಂದ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿನೋಡಬಹುದು. ಪರಿಚಯದ ಬಡಗಿಯ ಕಾರ್ಯಾಗಾರದಲ್ಲಿ ಕೆಲಸ ನಿಂತ ಅರ್ಧ ಗಂಟೆಯ ಬಳಿಕ ದೀಪಗಳನ್ನಾರಿಸಿ, ಒಂದು ಪ್ರಖರವಾದ ಟಾರ್ಚನ್ನು ಬೆಳಗಿಸಿ, ಬೆಳಕಿನ ಕೋಲನ್ನು ಪಕ್ಕದಿಂದ ದಿಟ್ಟಿಸಿ. ಅದರಲ್ಲಿ ಹೊಳೆಯುವ ಕಣಗಳೇ ಡ್ರಮ್ಮಿಗೆ ಬೀಳದೆ ಉಳಿದವು. ಅವು ಈಗ ಆ ಬಡಗಿಯ ಉಸಿರಿನ ಪಾಲು, ಮಹಡಿಯ ಮೇಲೆ ಮಲಗಿರುವ ಮಕ್ಕಳ ಉಸಿರಿನ ಪಾಲು. ಅದನ್ನು ಆತನಿಗೂ ತೋರಿಸಿ.